ಎಪಿಯಲ್ಲಿ 5 ಬಂದರೆ ಜನರಲ್ ಕೆಮಿಸ್ಟ್ರಿ ಬಿಡಬಹುದೇ?

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಎಷ್ಟೋ ಮನೆಗಳಲ್ಲಿ ಜುಲೈ ತಿಂಗಳು ಒಂದೇ ಲೆಕ್ಕಾಚಾರದಲ್ಲಿ ಕಳೆಯುತ್ತದೆ. ಮೇನಲ್ಲಿ ಬರೆದ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಪರೀಕ್ಷೆಗಳ ಅಂಕ ಬಂದಿರುತ್ತದೆ. ಬಯಾಲಜಿಯಲ್ಲಿ 5, ಕೆಮಿಸ್ಟ್ರಿಯಲ್ಲಿ 5, ಕ್ಯಾಲ್ಕುಲಸ್‌ನಲ್ಲೂ 5. ಮಗಳು ಡಾಕ್ಟರಾಗಬೇಕೆಂದಿದ್ದಾಳೆ, ಇನ್ನೇನು ಕಾಲೇಜು ಸೇರಬೇಕು. ಈ ಅಂಕಗಳಿಗೆ ಕ್ರೆಡಿಟ್ ಕೊಡುತ್ತೇವೆ, ಮೊದಲ ವರ್ಷದ ಕೆಮಿಸ್ಟ್ರಿ, ಬಯಾಲಜಿ ಬಿಟ್ಟು ಮುಂದಿನ ಕೋರ್ಸಿಗೇ ಹೋಗಬಹುದು ಎಂದು ಕಾಲೇಜು ಹೇಳುತ್ತಿದೆ. ಓದಿ ಪಾಸಾದದ್ದನ್ನೇ ಸಾವಿರಾರು ಡಾಲರ್ ಸುರಿದು ಮತ್ತೆ ಓದುವುದು ಯಾಕೆ ಎಂದು ಅಪ್ಪ ಕೇಳುತ್ತಾರೆ. ಪಿಯುಸಿ ಮುಗಿಸಿ ನೇರ ಎಂಬಿಬಿಎಸ್ ಸೇರಿದವರನ್ನು ಕಂಡು ಬೆಳೆದ ನಮಗೆ ಈ ಪ್ರಶ್ನೆ ತೀರಾ ಸಹಜ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕ್ಯಾಲ್ಕುಲಸ್ ಬಿಡಬಹುದು. ಬಯಾಲಜಿಯನ್ನು ಷರತ್ತಿನ ಮೇಲೆ ಬಿಡಬಹುದು. ಫಿಸಿಕ್ಸ್ ಮತ್ತು ಜನರಲ್ ಕೆಮಿಸ್ಟ್ರಿಯನ್ನು ಕಾಲೇಜಿನಲ್ಲೇ ಓದುವುದು ಬಹುಪಾಲು ಮಕ್ಕಳಿಗೆ ಒಳ್ಳೆಯದು. ಯಾಕೆ ಎಂಬುದು ಅರ್ಥವಾಗಬೇಕಾದರೆ ಅಲ್ಲಿನ ವ್ಯವಸ್ಥೆ ನಡೆಯುವ ಬಗೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು.

ನಮ್ಮಲ್ಲಿ ನೀಟ್ ಬರೆದವರು ಹದಿನೆಂಟಕ್ಕೇ ಮೆಡಿಕಲ್ ಕಾಲೇಜಿನಲ್ಲಿರುತ್ತಾರೆ. ಅಮೆರಿಕದಲ್ಲಿ ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ನಾಲ್ಕು ವರ್ಷದ ಮೆಡಿಕಲ್ ಸ್ಕೂಲ್, ಅದರ ಮೇಲೆ ಮೂರರಿಂದ ಏಳು ವರ್ಷದ ರೆಸಿಡೆನ್ಸಿ. ಮೊದಲ ನಾಲ್ಕು ವರ್ಷದಲ್ಲಿ ‘ಪ್ರೀಮೆಡ್’ ಎಂದು ಹೇಳಿಕೊಳ್ಳುವುದು ಒಂದು ಪದವಿಯ ಹೆಸರಲ್ಲ, ತಯಾರಿಯ ಹಾದಿ ಅಷ್ಟೆ. ಇತಿಹಾಸದಲ್ಲೋ ಸಂಗೀತದಲ್ಲೋ ಪದವಿ ಮಾಡಿದವರೂ ಮೆಡಿಕಲ್ ಸೇರಬಹುದು. ಆದರೆ ಬಹಳಷ್ಟು ಮೆಡಿಕಲ್ ಸ್ಕೂಲ್‌ಗಳು ಕೆಲವು ವಿಜ್ಞಾನ ಕೋರ್ಸುಗಳನ್ನು ಕೇಳುತ್ತವೆ: ಲ್ಯಾಬ್ ಸಮೇತ ಒಂದೊಂದು ವರ್ಷದ ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಅದರ ಮೇಲೆ ಬಯೋಕೆಮಿಸ್ಟ್ರಿ. ವೈದ್ಯ ವಿದ್ಯಾರ್ಥಿಗೆ ಕಾಲೇಜು ಮಟ್ಟದ ವಿಜ್ಞಾನ ಮೊದಲೇ ಬಂದಿರಬೇಕು ಎಂಬ ಒತ್ತಾಯ ಹಳೆಯದು. 1910ರಲ್ಲಿ ಶಿಕ್ಷಣತಜ್ಞ ಅಬ್ರಹಾಂ ಫ್ಲೆಕ್ಸ್‌ನರ್ ಅಲ್ಲಿನ ವೈದ್ಯಕೀಯ ಶಿಕ್ಷಣದ ಬಗ್ಗೆ ಬರೆದ ವರದಿ ಅದನ್ನು ಗಟ್ಟಿ ಮಾಡಿತು. ಈಚೆಗೆ ಕೆಲವು ಮೆಡಿಕಲ್ ಸ್ಕೂಲ್‌ಗಳು ಕೋರ್ಸುಗಳ ಪಟ್ಟಿಯನ್ನು ಸಡಿಲಿಸಿ, ಯಾವ ಕೋರ್ಸು ಎಂಬುದಕ್ಕಿಂತ ಏನು ಬರುತ್ತದೆ ಎಂಬುದನ್ನು ನೋಡುತ್ತೇವೆ ಎನ್ನುತ್ತಿವೆ. ಪಟ್ಟಿ ಸಡಿಲವಾದರೂ ಪ್ರವೇಶ ಪರೀಕ್ಷೆ ಸಡಿಲವಾಗಿಲ್ಲ.

ಎಪಿ ಪರೀಕ್ಷೆಗಳನ್ನು ನಡೆಸುವುದು ಕಾಲೇಜ್ ಬೋರ್ಡ್ ಎಂಬ ಸಂಸ್ಥೆ. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಓದಿ, 1ರಿಂದ 5ರವರೆಗಿನ ಅಂಕ ಪಡೆಯುವ ಏರ್ಪಾಡು. ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲರಿಯೇಟ್) ಓದಿದವರಿಗೂ ಇಂಥದ್ದೇ ಅನುಕೂಲ ಇದೆ. ಯಾವ ಅಂಕಕ್ಕೆ ಏನು ಸಿಗುತ್ತದೆ ಎಂಬುದನ್ನು ಆಯಾ ಕಾಲೇಜು ತೀರ್ಮಾನಿಸುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 3ಕ್ಕೂ ಕ್ರೆಡಿಟ್ ಕೊಡುತ್ತದೆ, ಕೆಲವು ಖಾಸಗಿ ಕಾಲೇಜುಗಳು 5 ಬಂದರೂ ಕೊಡುವುದಿಲ್ಲ.

ಇಲ್ಲಿ ತಂದೆತಾಯಿಗಳು ಒಂದು ವಿಷಯವನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಕಾಲೇಜು ಕೊಡುವುದರಲ್ಲಿ ಎರಡು ಬಗೆ ಇದೆ. ಒಂದು, ಪದವಿಗೆ ಬೇಕಾದ ಒಟ್ಟು ಕ್ರೆಡಿಟ್‌ಗಳಲ್ಲಿ ಇಷ್ಟನ್ನು ಜಮಾ ಮಾಡುವುದು. ಇನ್ನೊಂದು, ಮೊದಲ ಕೋರ್ಸು ಓದದೆ ಎರಡನೆಯದಕ್ಕೆ ಕೂರಲು ಅನುಮತಿ ಕೊಡುವುದು. ಮೊದಲನೆಯದನ್ನು ತೆಗೆದುಕೊಂಡು ಎರಡನೆಯದನ್ನು ಬಿಡುವುದಕ್ಕೆ ಎಷ್ಟೋ ಕಡೆ ಅವಕಾಶವಿದೆ. ಜಮಾ ಆದ ಕ್ರೆಡಿಟ್‌ನಿಂದ ಒಂದು ಒಳ್ಳೆಯ ಉಪಯೋಗ ಇದೆ: ಹಲವು ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚು ಕ್ರೆಡಿಟ್ ಇದ್ದವರಿಗೆ ಕೋರ್ಸ್ ಆಯ್ಕೆಯ ಸರದಿ ಮೊದಲು ಬರುತ್ತದೆ. ಬೇಕಾದ ಲ್ಯಾಬ್, ಬೇಕಾದ ಅಧ್ಯಾಪಕರು ಸಿಗುತ್ತಾರೆ. ಆದರೆ ಕ್ರೆಡಿಟ್ ಪಡೆದ ವಿಷಯವನ್ನೇ ಮತ್ತೆ ಓದಿದರೆ ಆ ಎಪಿ ಕ್ರೆಡಿಟ್ ಅನ್ನು ರದ್ದು ಮಾಡುವ ಕಾಲೇಜುಗಳೂ ಉಂಟು. ಹೆಸರು ನೋಂದಾಯಿಸುವ ಮೊದಲೇ ಕೇಳಿಕೊಳ್ಳಬೇಕು.

ಕಾಲೇಜು ಒಪ್ಪಿತು ಎಂದ ಮಾತ್ರಕ್ಕೆ ಮೆಡಿಕಲ್ ಸ್ಕೂಲ್ ಒಪ್ಪಿತು ಎಂದೇನೂ ಅಲ್ಲ. ಇದು ಬಹಳ ಜನರಿಗೆ ಮೂರನೇ ವರ್ಷದಲ್ಲಿ ಗೊತ್ತಾಗುವ ಸಂಗತಿ, ಆಗ ತಡವಾಗಿರುತ್ತದೆ. ಕೆಲವು ಮೆಡಿಕಲ್ ಸ್ಕೂಲ್‌ಗಳು ಎಪಿ ಕ್ರೆಡಿಟ್ ಅನ್ನು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕಂಡರೆ ಸಾಕು ಎನ್ನುತ್ತವೆ. ಇನ್ನು ಕೆಲವು, ಮೊದಲ ಕೋರ್ಸು ಬಿಟ್ಟಿದ್ದರೆ ಅದೇ ವಿಷಯದಲ್ಲಿ ಮೇಲ್ಮಟ್ಟದ ಕೋರ್ಸನ್ನು ಕಾಲೇಜಿನಲ್ಲಿ ಓದಿರಬೇಕು ಎನ್ನುತ್ತವೆ. ಮತ್ತೆ ಕೆಲವು ಎಪಿಯನ್ನು ಪೂರ್ತಿ ತಳ್ಳಿಹಾಕುತ್ತವೆ, ಅಥವಾ ಗಣಿತಕ್ಕೆ ಒಪ್ಪಿ ಬಯಾಲಜಿಗೆ ಒಪ್ಪುವುದಿಲ್ಲ. ಲ್ಯಾಬ್ ವಿಷಯದಲ್ಲಂತೂ ಹಲವರು ಬಿಗಿ. ಕೋರ್ಸಿಗೆ ಕ್ರೆಡಿಟ್ ಸಿಕ್ಕಿದರೂ ಲ್ಯಾಬ್ ಬಾಕಿ ಉಳಿಯಬಹುದು. ಪ್ರತಿ ಸ್ಕೂಲಿನ ನಿಯಮವನ್ನು ಅಮೆರಿಕದ ಮೆಡಿಕಲ್ ಕಾಲೇಜುಗಳ ಒಕ್ಕೂಟವಾದ ಎಎಎಂಸಿಯು ಎಂಎಸ್‌ಎಆರ್ ಎಂಬ ತನ್ನ ಮಾಹಿತಿಕೋಶದಲ್ಲಿ ಪ್ರಕಟಿಸುತ್ತದೆ. ಪೂರ್ತಿ ವಿವರಕ್ಕೆ ಚಂದಾ ಕೊಡಬೇಕು. ಆ ಸಣ್ಣ ಮೊತ್ತವನ್ನು ಉಳಿಸಲು ಹೋಗಬೇಡಿ. ನಿಮ್ಮ ರಾಜ್ಯದ ಸರ್ಕಾರಿ ಮೆಡಿಕಲ್ ಸ್ಕೂಲ್‌ಗಳ ನಿಯಮವನ್ನು ಮೊದಲು ನೋಡಿ, ಯಾಕೆಂದರೆ ಅವುಗಳಲ್ಲಿ ಹಲವು ಸ್ವಂತ ರಾಜ್ಯದವರಿಗೆ ಆದ್ಯತೆ ಕೊಡುತ್ತವೆ.

ಜಿಪಿಎ ಲೆಕ್ಕ

ಮೆಡಿಕಲ್ ಸ್ಕೂಲ್‌ಗೆ ಹೋಗುವ ಅರ್ಜಿಗಳಲ್ಲಿ ಬಹುಪಾಲು ಎಎಂಕ್ಯಾಸ್ ಎಂಬ ಒಂದೇ ಕೇಂದ್ರದ ಮೂಲಕ ಹೋಗುತ್ತವೆ. ಅದು ಪ್ರತಿಯೊಬ್ಬರಿಗೂ ಒಟ್ಟು ಜಿಪಿಎ (ಗ್ರೇಡುಗಳ ಸರಾಸರಿ) ಒಂದನ್ನು, ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ಸೇರಿಸಿ ವಿಜ್ಞಾನದ ಜಿಪಿಎ ಇನ್ನೊಂದನ್ನು ಲೆಕ್ಕ ಹಾಕುತ್ತದೆ. ಎಪಿಯಲ್ಲಿ ಬಂದ 5ಕ್ಕೆ ಈ ಲೆಕ್ಕದಲ್ಲಿ ಜಾಗವಿಲ್ಲ. ಅದು ಕ್ರೆಡಿಟ್ ಆಗಿ ಕಾಣಿಸುತ್ತದೆ, ಗ್ರೇಡ್ ಆಗಿ ಅಲ್ಲ. ಅಂದರೆ ಚೆನ್ನಾಗಿ ಬರುವ ವಿಷಯವನ್ನೇ ಬಿಟ್ಟವರು ಎ ಗ್ರೇಡ್ ಪಡೆಯುವ ಅವಕಾಶವನ್ನು ತಾವಾಗಿಯೇ ಬಿಟ್ಟುಕೊಟ್ಟ ಹಾಗಾಯಿತು. ಮೆಡಿಕಲ್ ಸ್ಕೂಲ್ ಸೇರಿದವರ ಸರಾಸರಿ ಜಿಪಿಎ 3.7ಕ್ಕೂ ಮೇಲಿದೆ. ಆ ಎತ್ತರದಲ್ಲಿ ಒಂದು ಸಿ ಮಾಡುವ ಹಾನಿಯನ್ನು ತುಂಬಲು ಹಲವು ಎ ಬೇಕು. ಒಮ್ಮೆ ಸಿ ಬಂದ ಕೋರ್ಸನ್ನು ಮತ್ತೆ ಓದಿ ಎ ತಂದರೂ ಎಎಂಕ್ಯಾಸ್ ಎರಡೂ ಗ್ರೇಡುಗಳನ್ನು ಲೆಕ್ಕಕ್ಕೆ ಹಿಡಿಯುತ್ತದೆ.

ಆದರೆ ಇದನ್ನೇ ಹಿಡಿದು ‘ಸುಲಭದ ಎ ಸಿಗುತ್ತದೆ, ಅದಕ್ಕೇ ಮತ್ತೆ ಓದು’ ಎಂದು ಮಕ್ಕಳಿಗೆ ಹೇಳುವುದು ಸರಿಯಲ್ಲ. ಹೆಸರಾಂತ ವಿಶ್ವವಿದ್ಯಾಲಯಗಳ ಜನರಲ್ ಕೆಮಿಸ್ಟ್ರಿ ತರಗತಿಯಲ್ಲಿ ನೂರಾರು ಮಂದಿ ಇರುತ್ತಾರೆ, ಅವರಲ್ಲಿ ಬಹಳ ಜನ ಎಪಿ ಓದಿಯೇ ಬಂದವರು. ಗ್ರೇಡ್ ಅನ್ನು ಒಬ್ಬರನ್ನು ಇನ್ನೊಬ್ಬರಿಗೆ ಹೋಲಿಸಿ ಕೊಡುವ ಕಡೆ ಎಲ್ಲರಿಗೂ ಗೊತ್ತಿರುವ ಪಾಠದಲ್ಲಿ ಮುಂದೆ ಬರುವುದು ಸುಲಭವಲ್ಲ. ಇದೆಲ್ಲ ನನಗೆ ಗೊತ್ತು ಎಂದು ಮೊದಲ ತಿಂಗಳು ಪುಸ್ತಕ ಮುಟ್ಟದೆ, ಮೊದಲ ಪರೀಕ್ಷೆಯಲ್ಲಿ ಎಡವುವ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ. ಕಾಲೇಜಿನ ಪ್ರಶ್ನೆಗಳು ಕೇಳುವ ಆಳವೇ ಬೇರೆ. ವರ್ಷವನ್ನು ಕ್ವಾರ್ಟರ್‌ಗಳಾಗಿ ಹಂಚಿರುವ ಕಾಲೇಜಿನಲ್ಲಿ ಪಾಠ ನಡೆಯುವುದೇ ಹತ್ತು ವಾರ. ಮೂರನೆಯ ಅಥವಾ ನಾಲ್ಕನೆಯ ವಾರಕ್ಕೆ ಪರೀಕ್ಷೆ ಬಂದು ನಿಂತಿರುತ್ತದೆ.

ಪರಿಚಿತ ಪಾಠವನ್ನು ಮೊದಲ ಸೆಮಿಸ್ಟರ್‌ನಲ್ಲಿ ಇಟ್ಟುಕೊಳ್ಳುವುದರ ನಿಜವಾದ ಲಾಭ ಬೇರೆ. ಹದಿನೆಂಟರ ಹುಡುಗಿ ಮೊದಲ ಸಲ ಮನೆ ಬಿಟ್ಟು ಹಾಸ್ಟೆಲ್ ಸೇರಿರುತ್ತಾಳೆ. ಓದುವ ಕ್ರಮ, ನಿದ್ದೆ, ಸ್ನೇಹ, ಅಧ್ಯಾಪಕರ ಬಳಿ ಹೋಗಿ ಸಂಶಯ ಕೇಳುವ ಅಭ್ಯಾಸ, ಎಲ್ಲವನ್ನೂ ಒಟ್ಟಿಗೇ ಕಲಿಯಬೇಕು. ಆಗ ಒಂದಾದರೂ ಪಾಠ ಪರಿಚಿತವಾಗಿದ್ದರೆ ಉಳಿದದ್ದಕ್ಕೆ ಮನಸ್ಸು ಕೊಡಬಹುದು. ಅದರ ಬದಲು ಆರ್ಗ್ಯಾನಿಕ್ ಕೆಮಿಸ್ಟ್ರಿಗೇ ನೇರ ಕೂತರೆ, ಪಕ್ಕದಲ್ಲಿ ಎರಡನೇ ವರ್ಷದವರು, ಎದುರಿಗೆ ಪ್ರೀಮೆಡ್ ಹಾದಿಯಲ್ಲೇ ಹೆಚ್ಚು ಮಂದಿಯನ್ನು ಕೆಡವುವ ವಿಷಯ.

ಆರ್ಗ್ಯಾನಿಕ್ ಕಷ್ಟವಾಗುವುದು ಬಾಯಿಪಾಠ ಹೆಚ್ಚು ಎಂಬ ಕಾರಣಕ್ಕಲ್ಲ. ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾಕೆ ಹೋಗುತ್ತದೆ ಎಂದು ಪ್ರತಿ ಹೆಜ್ಜೆಗೂ ಕೇಳುವ ವಿಷಯ ಅದು. ಅದಕ್ಕೆ ಆಮ್ಲ ಪ್ರತ್ಯಾಮ್ಲಗಳ ಬಲ, ಸಮತೋಲನ, ಅಣುವಿನ ಆಕಾರ, ಬಂಧಗಳ ಸ್ವಭಾವ, ಕ್ರಿಯೆಯ ವೇಗ ಇವು ಕೈಗೆ ಹತ್ತಿರಬೇಕು. ಇವೆಲ್ಲ ಜನರಲ್ ಕೆಮಿಸ್ಟ್ರಿಯ ಸರಕು. ಹನ್ನೊಂದನೇ ತರಗತಿಯಲ್ಲಿ ಒಮ್ಮೆ ಓದಿ, ಹನ್ನೆರಡರಲ್ಲಿ ಕೆಮಿಸ್ಟ್ರಿಯ ಮುಖವನ್ನೇ ನೋಡದೆ ಬಂದವರ ತಲೆಯಲ್ಲಿ ಇದು ಎಷ್ಟು ಉಳಿದಿರುತ್ತದೆ?

ಮುಂದೆ ವೈದ್ಯರಾದಾಗಲೂ ಇವೇ ಪಾಠಗಳು ಎದುರಾಗುತ್ತವೆ. ಮನುಷ್ಯನ ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರಬೇಕು. ಅದನ್ನು ಅಲ್ಲೇ ಹಿಡಿದಿಡುವುದು ಕಾರ್ಬಾನಿಕ್ ಆಮ್ಲ ಮತ್ತು ಬೈಕಾರ್ಬೊನೇಟ್‌ಗಳ ಜೋಡಿ. ಡಯಾಬಿಟಿಸ್ ಹತೋಟಿ ತಪ್ಪಿ ರಕ್ತ ಆಮ್ಲೀಯವಾದ ರೋಗಿ ಯಾಕೆ ಆಳವಾಗಿ, ಜೋರಾಗಿ ಉಸಿರಾಡುತ್ತಾನೆ? ಕಾರ್ಬನ್ ಡೈಆಕ್ಸೈಡ್ ಹೊರಹಾಕಿ ಆಮ್ಲವನ್ನು ತಗ್ಗಿಸಲು ದೇಹ ಮಾಡುವ ಪ್ರಯತ್ನ ಅದು. ಜನರಲ್ ಕೆಮಿಸ್ಟ್ರಿಯಲ್ಲಿ ಬಫರ್ ಎಂಬ ಅಧ್ಯಾಯ ಅರ್ಥವಾದವರಿಗೆ ಆ ಉಸಿರಾಟ ನೋಡಿದ ಕೂಡಲೇ ಕಾರಣ ಹೊಳೆಯುತ್ತದೆ. ಫಿಸಿಕ್ಸ್‌ನಲ್ಲಿ ಪ್ವಾಸೇಯ ನಿಯಮ ಎಂದು ಬರುತ್ತದೆ: ಕೊಳವೆಯಲ್ಲಿ ದ್ರವದ ಹರಿವಿಗೆ ಎದುರಾಗುವ ತಡೆ ತ್ರಿಜ್ಯದ ನಾಲ್ಕನೇ ಘಾತಕ್ಕೆ ವಿಲೋಮವಾಗಿರುತ್ತದೆ. ತ್ರಿಜ್ಯ ಅರ್ಧವಾದರೆ ತಡೆ 16 ಪಟ್ಟು. ರಕ್ತನಾಳ ಸ್ವಲ್ಪವೇ ಕಿರಿದಾದರೂ ಹೃದಯಕ್ಕೆ ಅಷ್ಟು ಕಷ್ಟವಾಗುವುದೇಕೆ, ಆಸ್ತಮಾದಲ್ಲಿ ಶ್ವಾಸನಾಳ ತುಸು ಬಿಗಿದರೂ ಉಸಿರು ಕಟ್ಟುವುದೇಕೆ, ತುರ್ತು ಚಿಕಿತ್ಸೆಯಲ್ಲಿ ದಪ್ಪ ಸೂಜಿಯನ್ನೇ ಆರಿಸುವುದೇಕೆ, ಈ ಮೂರಕ್ಕೂ ಉತ್ತರ ಅದೊಂದೇ ಸೂತ್ರದಲ್ಲಿದೆ. ಇಂಥ ಪಾಠವನ್ನು ಎರಡನೇ ಸಲ, ಮೊದಲಿಗಿಂತ ಆಳವಾಗಿ ಓದುವುದನ್ನು ಸಮಯ ಹಾಳು ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಎಂಕ್ಯಾಟ್ ಎಂಬ ಎರಡನೇ ಲೆಕ್ಕ

ಮೆಡಿಕಲ್ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್ ಈಗಿನ ರೂಪಕ್ಕೆ ಬಂದದ್ದು 2015ರಲ್ಲಿ. ನಾಲ್ಕು ವಿಭಾಗ, 230 ಪ್ರಶ್ನೆ, ಬರೆಯುವ ಸಮಯವೇ ಆರೂ ಕಾಲು ಗಂಟೆ. ಅಂಕ 472ರಿಂದ 528ರವರೆಗೆ. ಪ್ರವೇಶ ಪಡೆದವರ ಸರಾಸರಿ ಈಚಿನ ವರ್ಷಗಳಲ್ಲಿ 511ರ ಆಸುಪಾಸಿನಲ್ಲಿದೆ. ಅದರಲ್ಲಿ ಏನು ಕೇಳುತ್ತಾರೆ ಎಂಬುದನ್ನು ಎಎಎಂಸಿಯೇ ಪ್ರಕಟಿಸಿದೆ. ಬಯಾಲಜಿ ವಿಭಾಗದಲ್ಲಿ ಸುಮಾರು ಶೇಕಡಾ 65 ಪ್ರಶ್ನೆಗಳು ಮೊದಲ ವರ್ಷದ ಬಯಾಲಜಿಯಿಂದ, 25 ಬಯೋಕೆಮಿಸ್ಟ್ರಿಯ ಮೊದಲ ಸೆಮಿಸ್ಟರ್‌ನಿಂದ. ಕೆಮಿಸ್ಟ್ರಿ ಮತ್ತು ಫಿಸಿಕ್ಸ್ ವಿಭಾಗದಲ್ಲಿ ಜನರಲ್ ಕೆಮಿಸ್ಟ್ರಿಗೆ 30, ಫಿಸಿಕ್ಸ್‌ಗೆ 25, ಬಯೋಕೆಮಿಸ್ಟ್ರಿಗೆ 25. ಎಲ್ಲರೂ ಹೆದರುವ ಆರ್ಗ್ಯಾನಿಕ್‌ಗೆ 15 ಮಾತ್ರ.

ಈ ಅಂಕಿಗಳನ್ನು ಎರಡು ಸಲ ಓದಿ. ನಾವು ಬಿಡಲು ಹೊರಟ ಕೋರ್ಸುಗಳೇ ಆ ಎರಡು ವಿಭಾಗಗಳ ಬಹುಭಾಗ. ಹನ್ನೊಂದನೇ ತರಗತಿಯಲ್ಲಿ ಎಪಿ ಬಯಾಲಜಿ ಮುಗಿಸಿದವಳು ಕಾಲೇಜಿನ ಮೂರನೇ ವರ್ಷದ ವಸಂತದಲ್ಲಿ ಎಂಕ್ಯಾಟ್ ಬರೆದರೆ ನಡುವೆ ನಾಲ್ಕು ವರ್ಷ ಕಳೆದಿರುತ್ತದೆ. ಕಲಿತದ್ದನ್ನು ಮತ್ತೆ ಮುಟ್ಟದಿದ್ದರೆ ಬೇಗ ಮರೆಯುತ್ತದೆ, ಬಿಡುವು ಕೊಟ್ಟು ಮತ್ತೆ ಕಲಿತರೆ ಗಟ್ಟಿಯಾಗುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ಪ್ರಯೋಗ ಮಾಡಿಕೊಂಡು ತೋರಿಸಿದ್ದ. ಬಿಟ್ಟ ಕೋರ್ಸನ್ನು ಎಂಕ್ಯಾಟ್ ತಯಾರಿಯ ಬೇಸಿಗೆಯಲ್ಲಿ ಒಬ್ಬರೇ ಕೂತು ಓದಿಕೊಳ್ಳಬೇಕಾಗುತ್ತದೆ. ಸಾಧ್ಯವಿಲ್ಲ ಎಂದಲ್ಲ, ಹಾಗೆ ಮಾಡಿದವರು ಇದ್ದಾರೆ. ಆ ಶ್ರಮದ ಲೆಕ್ಕ ಈಗಲೇ ಇರಲಿ.

ವರ್ಷ ಉಳಿಯುತ್ತದೆಯೇ?

ಕೋರ್ಸ್ ಬಿಡುವ ಉತ್ಸಾಹದ ಹಿಂದೆ ಹೆಚ್ಚಾಗಿ ಇರುವುದು ಮೂರೇ ವರ್ಷದಲ್ಲಿ ಪದವಿ ಮುಗಿಸುವ ಆಸೆ. ಒಂದು ವರ್ಷದ ಖರ್ಚು ಉಳಿದರೆ ಅದು ಸಣ್ಣ ಮೊತ್ತವಲ್ಲ, ಸಾಲ ಮಾಡಿ ಓದಿಸುವವರಿಗಂತೂ ಅಲ್ಲ. ಆದರೆ ಮೆಡಿಕಲ್ ಪ್ರವೇಶದ ಚಕ್ರ ವರ್ಷಕ್ಕೊಮ್ಮೆ ತಿರುಗುತ್ತದೆ. ಜೂನ್ ಹೊತ್ತಿಗೆ ಅರ್ಜಿ ಹಾಕಿದರೆ ತರಗತಿ ಶುರುವಾಗುವುದು ಮುಂದಿನ ವರ್ಷದ ಜುಲೈ ಅಥವಾ ಆಗಸ್ಟ್‌ನಲ್ಲಿ. 2026ರ ಆಗಸ್ಟ್‌ನಲ್ಲಿ ಕಾಲೇಜು ಸೇರಿದವಳು ಸಾಮಾನ್ಯ ಹಾದಿಯಲ್ಲಿ 2029ರ ಜೂನ್‌ನಲ್ಲಿ ಅರ್ಜಿ ಹಾಕುತ್ತಾಳೆ. ಮೂರು ವರ್ಷದಲ್ಲಿ ಮುಗಿಸಿ ನೇರ ಮೆಡಿಕಲ್‌ಗೆ ಹೋಗಬೇಕಾದರೆ 2028ರ ಜೂನ್‌ಗೇ ಹಾಕಬೇಕು. ಆಗ ಕೈಯಲ್ಲಿರುವುದು ಎರಡೇ ವರ್ಷದ ಗ್ರೇಡು. ಎಂಕ್ಯಾಟ್ ಎರಡನೇ ವರ್ಷದಲ್ಲೇ ಮುಗಿದಿರಬೇಕು. ಆಸ್ಪತ್ರೆಯ ಅನುಭವ, ಸಂಶೋಧನೆ, ಸೇವಾ ಕೆಲಸ, ವಿಜ್ಞಾನದ ಅಧ್ಯಾಪಕರ ಶಿಫಾರಸು ಪತ್ರ, ಇವೆಲ್ಲ ಆ ಎರಡೇ ವರ್ಷದಲ್ಲಿ ಆಗಿರಬೇಕು. ಈಗ ಮೆಡಿಕಲ್ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪದವಿಯ ನಂತರ ಒಂದೆರಡು ವರ್ಷ ಕೆಲಸವನ್ನೋ ಸಂಶೋಧನೆಯನ್ನೋ ಮಾಡಿ ಬಂದವರು. ಅವರ ಎದುರು ಎರಡು ವರ್ಷದ ಅರ್ಜಿ ಬಡಕಲಾಗಿ ಕಾಣುತ್ತದೆ. ಮೂರು ವರ್ಷದಲ್ಲಿ ಮುಗಿಸಿ, ಆಮೇಲೆ ಒಂದು ವರ್ಷ ಕೆಲಸ ಮಾಡಿ ಸೇರುವ ಯೋಜನೆ ಇದಕ್ಕಿಂತ ವಾಸಿ. ಹಣದ ಕಾರಣ ಬಲವಾಗಿದ್ದರೆ ಆ ದಾರಿ ನೋಡಿ.

ಈಗ ಒಂದೊಂದೇ ವಿಷಯಕ್ಕೆ ಬರೋಣ. ಕ್ಯಾಲ್ಕುಲಸ್‌ನಲ್ಲಿ 5 ಬಂದಿದ್ದರೆ ಧೈರ್ಯವಾಗಿ ಮುಂದೆ ಹೋಗಿ. ಎಂಕ್ಯಾಟ್‌ನಲ್ಲಿ ಕ್ಯಾಲ್ಕುಲಸ್ ಕೇಳುವುದಿಲ್ಲ. ಉಳಿದ ಸಮಯದಲ್ಲಿ ಕಾಲೇಜಿನ ಸಂಖ್ಯಾಶಾಸ್ತ್ರ ಓದಿದರೆ ವೈದ್ಯಕೀಯ ಸಂಶೋಧನೆ ಓದಿ ಅಳೆಯಲು ಜೀವನಪೂರ್ತಿ ಉಪಯೋಗ. ಸೈಕಾಲಜಿಯನ್ನೂ ಬಿಡಬಹುದು, ಎಂಕ್ಯಾಟ್‌ಗೆ ಮುಂಚೆ ಮತ್ತೊಮ್ಮೆ ಓದಿಕೊಂಡರೆ ಸಾಕು.

ಬಯಾಲಜಿ ಬಿಡುವುದಾದರೆ ಅದೇ ವಿಷಯದಲ್ಲಿ ಕಡೇಪಕ್ಷ ಒಂದು ವರ್ಷದಷ್ಟು ಮೇಲಿನ ಕೋರ್ಸುಗಳನ್ನು ಲ್ಯಾಬ್ ಸಹಿತ ಓದಬೇಕು: ಜೆನೆಟಿಕ್ಸ್, ಜೀವಕೋಶಶಾಸ್ತ್ರ, ಫಿಸಿಯಾಲಜಿ. ಹೀಗೆ ಮಾಡಿದರೆ ಎಪಿ ಒಪ್ಪದ ಸ್ಕೂಲ್‌ಗಳಲ್ಲೂ ಹಲವು ತೃಪ್ತಿಪಡುತ್ತವೆ. ಮೇಲಿನ ತರಗತಿಗಳಲ್ಲಿ ಮಕ್ಕಳು ಕಡಿಮೆ, ಅಧ್ಯಾಪಕರಿಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯವಾಗುತ್ತದೆ. ಮೆಡಿಕಲ್ ಅರ್ಜಿಯ ಶಿಫಾರಸು ಪತ್ರಕ್ಕೆ ಆ ಪರಿಚಯ ಬೇಕೇ ಬೇಕು. ಮುನ್ನೂರು ಮಂದಿಯ ತರಗತಿಯಲ್ಲಿ ಅದು ಹುಟ್ಟುವುದು ಕಷ್ಟ.

ಫಿಸಿಕ್ಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದರ ಮೇಲಿನ ಮಟ್ಟದ ಕೋರ್ಸುಗಳು ಪ್ರೀಮೆಡ್‌ಗೆ ಬೇಕಾದವಲ್ಲ, ಹಾಗಾಗಿ ಮೊದಲ ಕೋರ್ಸು ಬಿಟ್ಟರೆ ಆ ಜಾಗ ತುಂಬಲು ಬೇರೆ ದಾರಿ ಕಡಿಮೆ. ಲ್ಯಾಬ್ ಸಹಿತ ಒಂದು ವರ್ಷ ಕಾಲೇಜಿನಲ್ಲೇ ಓದಿ. ಎರಡನೇ ಅಥವಾ ಮೂರನೇ ವರ್ಷದಲ್ಲಿ ಇಟ್ಟುಕೊಂಡರೆ ಎಂಕ್ಯಾಟ್‌ಗೂ ಹತ್ತಿರವಾಗುತ್ತದೆ.

ಕೆಮಿಸ್ಟ್ರಿಯಲ್ಲಿ ಮಧ್ಯದ ದಾರಿಯೊಂದಿದೆ. ಕೆಲವು ವಿಶ್ವವಿದ್ಯಾಲಯಗಳು ಎಪಿಯಲ್ಲಿ ಒಳ್ಳೆಯ ಅಂಕ ಬಂದವರಿಗಾಗಿಯೇ ಒಂದು ವರ್ಷದ ಪಾಠವನ್ನು ಒಂದು ಸೆಮಿಸ್ಟರ್‌ಗೆ ಅಡಕ ಮಾಡಿದ ಕೋರ್ಸ್ ನಡೆಸುತ್ತವೆ. ನಿಮ್ಮ ಕಾಲೇಜಿನಲ್ಲಿ ಅದಿದ್ದರೆ ಬೇರೆ ಯೋಚನೆ ಬೇಡ. ಇಲ್ಲದಿದ್ದರೆ ಒಂದು ಪರೀಕ್ಷೆ ನೀವೇ ಮಾಡಿಕೊಳ್ಳಬಹುದು. ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಪ್ರಕಟಿಸಿರುವ ಕೆಮಿಸ್ಟ್ರಿ ಪಠ್ಯ ಉಚಿತವಾಗಿ ಸಿಗುತ್ತದೆ. ಆಮ್ಲ ಪ್ರತ್ಯಾಮ್ಲ, ಸಮತೋಲನ, ಉಷ್ಣಬಲ ವಿಜ್ಞಾನ, ವಿದ್ಯುತ್ ರಸಾಯನ, ಈ ಅಧ್ಯಾಯಗಳ ಕೊನೆಯ ಲೆಕ್ಕಗಳನ್ನು ಪುಸ್ತಕ ಮುಚ್ಚಿ ಮಾಡಿ. ಅಥವಾ ಕೆಮಿಸ್ಟ್ರಿ ವಿಭಾಗಕ್ಕೆ ಬರೆದು ಹಿಂದಿನ ವರ್ಷದ ಅಂತಿಮ ಪರೀಕ್ಷೆಯ ಪ್ರಶ್ನೆಪತ್ರಿಕೆ ಕೇಳಿ, ಹಲವು ಕಡೆ ಕೊಡುತ್ತಾರೆ. ಹತ್ತರಲ್ಲಿ ಒಂಬತ್ತನ್ನು ಕಾರಣ ಸಮೇತ ಬಿಡಿಸಬಲ್ಲವರು, ಕೆಮಿಸ್ಟ್ರಿಯನ್ನು ನಿಜವಾಗಿ ಇಷ್ಟಪಡುವವರು ಆರ್ಗ್ಯಾನಿಕ್‌ಗೆ ಹೋಗಲಿ. ಮುಂದೆ ಅನಾಲಿಟಿಕಲ್ ಅಥವಾ ಫಿಸಿಕಲ್ ಕೆಮಿಸ್ಟ್ರಿಯ ಒಂದು ಕೋರ್ಸು ಓದಿ, ಜನರಲ್ ಕೆಮಿಸ್ಟ್ರಿಯ ಖಾಲಿ ಜಾಗ ತುಂಬಿಕೊಳ್ಳಲಿ. ಸೆಮಿಸ್ಟರ್‌ನ ಮೊದಲ ಒಂದೆರಡು ವಾರ ಕೋರ್ಸ್ ಬದಲಾಯಿಸಲು ಅವಕಾಶ ಇರುತ್ತದೆ ಎಂಬುದೂ ನೆನಪಿರಲಿ. ಕಾಲೇಜು ಸೇರಿದ ಮೇಲೆ ಅನಿಸಿಕೆ ಬದಲಾದರೆ ಅದರೊಳಗೆ ಹಿಂದಿರುಗಬಹುದು.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಪಿಯುಸಿ ಮುಗಿಸಿ ಪದವಿಗೆಂದು ಅಮೆರಿಕಕ್ಕೆ ಹೋಗುವವರಿಗೂ ಒಂದು ಮಾತು. ಪಿಸಿಎಂಬಿ ಓದಿದವರಿಗೆ ಈ ಪಾಠಗಳ ಬಹುಪಾಲು ಪರಿಚಿತ, ಆದರೂ ಪಿಯುಸಿಗೆ ಎಪಿಯಂತೆ ಕ್ರೆಡಿಟ್ ಸಿಗುವುದು ಅಪರೂಪ. ಅಲ್ಲಿ ಮೊದಲ ಕೋರ್ಸಿನಿಂದಲೇ ಶುರುಮಾಡಬೇಕಾದರೆ ಅದನ್ನು ನಷ್ಟ ಎಂದುಕೊಳ್ಳಬೇಡಿ. ಹೋಗುವ ಮುನ್ನ ಇನ್ನೊಂದನ್ನು ವಿಚಾರಿಸಿ: ಅಮೆರಿಕದ ಬಹಳಷ್ಟು ಮೆಡಿಕಲ್ ಸ್ಕೂಲ್‌ಗಳು, ಸರ್ಕಾರಿಯವಂತೂ ಹೆಚ್ಚಾಗಿ, ಪೌರತ್ವ ಅಥವಾ ಗ್ರೀನ್ ಕಾರ್ಡ್ ಇಲ್ಲದವರ ಅರ್ಜಿಯನ್ನು ಪರಿಗಣಿಸುವುದೇ ಇಲ್ಲ. ತಂದೆತಾಯಿಯ ಉದ್ಯೋಗ ವೀಸಾವನ್ನು ಅವಲಂಬಿಸಿದ ಎಚ್-4 ವೀಸಾದಲ್ಲಿ ಬೆಳೆದ ಮಕ್ಕಳಿಗೂ ಈ ಗೋಡೆ ಎದುರಾಗುತ್ತದೆ. ಯಾವ ಕೋರ್ಸು ಬಿಡುವುದು ಎಂಬ ಚರ್ಚೆಗೆ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಇದು.

ಅಂಕ ಬಂದ ವಾರವೇ ಮಗಳೇ ಕೂತು ಕಾಲೇಜಿನ ಪ್ರೀಹೆಲ್ತ್ ಸಲಹೆಗಾರರಿಗೆ ಒಂದು ಮಿಂಚಂಚೆ ಬರೆಯಲಿ. ಎಪಿ ಕ್ರೆಡಿಟ್ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಹೇಗೆ ನಮೂದಾಗುತ್ತದೆ, ಮತ್ತೆ ಓದಿದರೆ ಅದು ರದ್ದಾಗುತ್ತದೆಯೇ, ಈ ಕಾಲೇಜಿನಿಂದ ಮೆಡಿಕಲ್ ಸೇರಿದ ಹಿರಿಯರು ಕೆಮಿಸ್ಟ್ರಿಯನ್ನು ಎಲ್ಲಿಂದ ಶುರುಮಾಡಿದರು ಎಂದು ಕೇಳಲಿ. ತಂದೆತಾಯಿಗಳಲ್ಲಿ ನನ್ನ ವಿನಂತಿ ಇಷ್ಟೆ: ಉಳಿಯುವ ಶುಲ್ಕದ ಲೆಕ್ಕ ಹೇಳಿ, ಆದರೆ ತೀರ್ಮಾನ ಅವಳಿಗೆ ಬಿಡಿ. ಅವಳು ಕೆಮಿಸ್ಟ್ರಿಯನ್ನು ಇನ್ನೊಮ್ಮೆ ಓದುತ್ತೇನೆ ಎಂದರೆ ದಯವಿಟ್ಟು ತಡೆಯಬೇಡಿ.